ಎರಡು ನಾಣ್ಯದಷ್ಟು ಸಂದು

ಈ ಟೇಬಲ್ ಪುಣೆಯ ಎರಡು ಮಳೆಗಾಲ ಕಂಡಿದೆ. ಇದಕ್ಕೂ ಮೊದಲು ಮಾಡಿದ ಎರಡೂ ಟೇಬಲ್ ಒಂದು ವರ್ಷವನ್ನೂ ಪೂರೈಸಲಿಲ್ಲ. ದೊಡ್ಡದೇನಲ್ಲ: ಉದ್ದ 600 ಮಿ.ಮೀ., ಅಗಲ 450, ಎತ್ತರ ಸುಮಾರು 400. L ಆಕಾರದ ಕಬ್ಬಿಣದ ಆಂಗಲ್‌ನ ಚೌಕಟ್ಟು, ಅದರೊಳಗೆ ತಟ್ಟೆಯಲ್ಲಿಟ್ಟಂತೆ ಕೂರುವ ಸಾಗವಾನಿ ಹಲಗೆ. ಡಿಸೈನ್ ಕಾಲೇಜಿನಲ್ಲಿ ಹದಿನೈದು ದಿನಕ್ಕೆಂದು ಕೊಟ್ಟ ಕೆಲಸ ಇದು.

ನಾನು ದಾಂಡೇಲಿಯವಳು. ಸಾಗವಾನಿಯ ನಡುವೆ ಬೆಳೆದವಳು ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ಅದೇ ಮರಕ್ಕೆ ಚೌಕಾಶಿ ಮಾಡಿದ್ದನ್ನು ನೆನೆದು ಮನೆಯವರು ಇಂದಿಗೂ ನಗುತ್ತಾರೆ. ಕೊಂಡದ್ದು ಹಳೆಯ ವಾಡೆಯೊಂದನ್ನು ಕೆಡವಿದಾಗ ಬಂದ ತೊಲೆಯ ಸೀಳು. ಅರ್ಧ ಘನ ಅಡಿಗಿಂತ ತುಸು ಕಡಿಮೆ, 1,400 ರೂಪಾಯಿ ಎಂದು ನೆನಪು. ಅಯಸ್ಕಾಂತ ಆಡಿಸಿ ಮೊಳೆಗಳನ್ನೆಲ್ಲ ಕಿತ್ತಿದ್ದೇನೆ ಎಂದುಕೊಂಡಿದ್ದೆ. ಒಂದು ಉಳಿದಿತ್ತು. ಮಿಲ್ಲಿನ ರಂದಾ ಯಂತ್ರದ ಬ್ಲೇಡ್ ಮುಕ್ಕಾಗಿ 300 ರೂಪಾಯಿ ದಂಡ ತೆತ್ತೆ.

ಮೊದಲನೆಯದನ್ನು ಏಪ್ರಿಲ್‌ನಲ್ಲಿ ಕೂರಿಸಿದೆ. ಹಲಗೆಗೂ ಕಬ್ಬಿಣಕ್ಕೂ ನಡುವೆ ಕಾಗದ ತೂರುತ್ತಿರಲಿಲ್ಲ. ಕಾಲೇಜಿನಲ್ಲಿ ಎಲ್ಲರೂ ಬೆರಳಾಡಿಸಿ ಹೊಗಳಿದರು, ನಾನೂ ಬೀಗಿದೆ. ಜುಲೈ ಮುಗಿಯುವಷ್ಟರಲ್ಲಿ ಹಲಗೆ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ಒಂದು ಮೂಲೆಯ ವೆಲ್ಡಿಂಗ್ ಬಾಯಿ ಬಿಟ್ಟಿತ್ತು. ಭೋಸರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ, ಇಂಡಿ ಕಡೆಯ ಕಾಕಾ ಅವರ ಮುಂದೆ ಅದನ್ನು ಇಟ್ಟು ಜಗಳ ತೆಗೆದೆ. ಅವರು ಬಿರುಕನ್ನು ನೋಡಿ, ‘ನನ್ನ ಕೈ ಬಿಟ್ಟಿಲ್ಲ ತಂಗಿ, ನಿನ್ನ ಮರ ಒದ್ದಿದೆ’ ಎಂದರು.

ಮಾತು ಸರಿಯಿತ್ತು, ನಾನು ಕಲಿತ ಪಾಠ ತಪ್ಪಿತ್ತು. ಒದೆಯುವ ಮರವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕೆಂದು ಅದೇ ಚೌಕಟ್ಟನ್ನು ಸರಿಮಾಡಿಸಿ, ಹೊಸ ಹಲಗೆ ತಂದು, ಆಗಸ್ಟ್‌ನಲ್ಲಿ ಎಪಾಕ್ಸಿ ಹಾಕಿ ಕಬ್ಬಿಣಕ್ಕೇ ಅಂಟಿಸಿದೆ. ಮಳೆಯಲ್ಲಿ ನೀರು ಕುಡಿದಿದ್ದ ಹಲಗೆ ಚಳಿಗಾಲದಲ್ಲಿ ಒಣಗುತ್ತಾ ಬಂತು. ಅಂಟು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಫೆಬ್ರುವರಿಯ ಒಂದು ರಾತ್ರಿ ಟಪ್ ಎಂದು ಸದ್ದಾಯಿತು. ದೀಪ ಹಾಕಿ ನೋಡಿದರೆ ಹಲಗೆಯ ನಡುವೆ ಗೇಣುದ್ದದ ಸೀಳು.

ಮೂರನೆಯದಕ್ಕೆ, ಹಲಗೆ ಅಗಲಕ್ಕೆ ಹಿಗ್ಗಲು ಜಾಗವಿರಲೆಂದು, ಉದ್ದದ ಎರಡೂ ಬದಿಯಲ್ಲಿ 4 ಮಿ.ಮೀ. ಸಂದು ಬಿಟ್ಟೆ. ಸ್ಕ್ರೂಗಳು ಗಿಡ್ಡ ಬದಿಗಳಲ್ಲಿ ಮಾತ್ರ, ಒಂದೊಂದರಲ್ಲಿ ಮೂರು. ನಡುವಿನದು ದುಂಡು ತೂತಿನಲ್ಲಿ ಬಿಗಿ. ಅಕ್ಕಪಕ್ಕದವು ಉದ್ದ ತೂತಿನಲ್ಲಿ. 6 ಮಿ.ಮೀ.ನ ಎರಡು ತೂತು ಪಕ್ಕಪಕ್ಕ ಕೊರೆದು ನಡುವಿನ ಲೋಹವನ್ನು ದುಂಡು ಅರದಿಂದ ಉಜ್ಜಿ ತೆಗೆದರೆ 14 ಮಿ.ಮೀ. ಉದ್ದದ ತೂತಾಗುತ್ತದೆ. ಇದನ್ನು ವೆಲ್ಡಿಂಗ್‌ಗೆ ಮೊದಲೇ ಮಾಡಿಕೊಳ್ಳಿ. ಆಮೇಲೆ ಡ್ರಿಲ್ ಮೂಲೆಗೆ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ಕೂರಿಸುವವರು ಸ್ಕ್ರೂವನ್ನು ತೂತಿನ ಒಳತುದಿಗೆ, ಅಂದರೆ ಹಲಗೆಯ ನಡುವಿನ ಕಡೆಗೆ, ಹಾಕಬೇಕು, ಆಗಸ್ಟ್‌ನಲ್ಲಾದರೆ ಹೊರತುದಿಗೆ. ಇಷ್ಟು ಹೇಳಿದ್ದೇ ಹೆಚ್ಚು. ಸ್ಕ್ರೂ ಜಾರುವಂತೆ ವಾಷರ್ ಕೆಳಗೆ ಏನು ಇಟ್ಟೆ ಎಂಬುದನ್ನು ಹೇಳುವುದಿಲ್ಲ; ಸೈಕಲ್ ಅಂಗಡಿಯಲ್ಲಿ ಪುಕ್ಕಟೆಯಾಗಿ ಸಿಕ್ಕಿತು.

ಯಾರೂ ಒಪ್ಪಲಿಲ್ಲ. ಸಂದು ನೋಡಿದ ಗುರುಗಳು ಅಳತೆ ತಪ್ಪಿದೆ ಎಂದರು. ಸಡಿಲ ಬಿಟ್ಟರೆ ಕಟಕಟ ಎನ್ನುತ್ತದೆ ಎಂದು ಕಾಕಾ ಪಂಥ ಕಟ್ಟಿದರು. ಅವರ ಮೂಲೆಗಳ ಬಗ್ಗೆ ನನಗೂ ದೂರಿತ್ತು: ಒಂದೊಂದು ಮೂಲೆಯನ್ನು ಒಂದೇ ಸಲಕ್ಕೆ ಮುಗಿಸಿ ಮೊದಲ ಚೌಕಟ್ಟನ್ನು ತಿರುಚಿದ್ದರು, ಒಂದು ಕಾಲು 4 ಮಿ.ಮೀ. ಮೇಲೆ ನಿಂತಿತ್ತು. ಈ ಸಲ ನಾನು ಪಕ್ಕದಲ್ಲೇ ಕುಳಿತು ಎಲ್ಲ ಮೂಲೆಗೂ ಮೊದಲು ಟ್ಯಾಕ್, ಅಂದರೆ ಚುಕ್ಕಿಯಷ್ಟು ವೆಲ್ಡಿಂಗ್, ಹಾಕಿಸಿ, ಕರ್ಣಗಳನ್ನು ಅಳೆದು, ಎದುರುಬದುರು ಮೂಲೆಗಳನ್ನು ಆರಲು ಬಿಟ್ಟು ಮಾಡಿಸಿದೆ. ಚಹಾಕ್ಕೆ ನಾನೇ ಕೊಟ್ಟೆ.

ನಡುವೆ ಇನ್ನೊಂದು ಹುಚ್ಚು. ಒಡೆದ ಹಲಗೆಯಲ್ಲಿ ಬರಿ ಕಬ್ಬಿಣ ತಾಗಿದ ಕಡೆ ಕಪ್ಪು ಕಲೆ ಬಿದ್ದಿತ್ತು. ಕಲೆಯೇ ಬಣ್ಣವಾಗಲಿ ಎಂದು ವಿನೆಗರ್‌ನಲ್ಲಿ ಸ್ಟೀಲ್ ಉಣ್ಣೆ (ಕಬ್ಬಿಣದ ತೆಳು ನಾರು) ನೆನೆಸಿ ಹಚ್ಚಿದೆ. ಜಾಲಿಮರದ ತುಂಡು ಕರ್ರಗಾಯಿತು, ಸಾಗವಾನಿ ಬೂದಿಯ ಬಣ್ಣಕ್ಕೆ ನಿಂತುಬಿಟ್ಟಿತು. ಅಜ್ಜಿಗೆ ಫೋನಿನಲ್ಲಿ ಹೇಳಿದಾಗ, ಅಳಲೆಕಾಯಿ ಮತ್ತು ಅನ್ನಭೇದಿಯಿಂದ (ಕಬ್ಬಿಣದ ಹಸಿರು ಲವಣ) ಮಸಿ ಮಾಡುತ್ತಿದ್ದುದನ್ನು ನೆನಪಿಸಿದರು. ಮೊದಲು ಅಳಲೆಕಾಯಿ ಕಷಾಯ ಬಳಿದು, ಒಣಗಿಸಿ, ಮೇಲೆ ಅದೇ ವಿನೆಗರ್ ನೀರು ಹಚ್ಚಿದೆ. ಕಾಡಿಗೆಯಷ್ಟು ಕಪ್ಪು! ಟೇಬಲ್‌ಗೆ ಬಳಸಲಿಲ್ಲ, ನೂರು ವರ್ಷದ ಸಾಗವಾನಿಯನ್ನು ಮರೆಮಾಚಲು ಮನಸ್ಸಾಗಲಿಲ್ಲ. ನೂರು ವರ್ಷ ಎಂದದ್ದು ವ್ಯಾಪಾರಿ, ನಾನಲ್ಲ. ಚೌಕಟ್ಟಿಗೆ ಮಾತ್ರ ಒಳಬದಿಯನ್ನೂ ಬಿಡದೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದೆ.

ಏಪ್ರಿಲ್‌ನಲ್ಲಿ ಸಂದಿನೊಳಗೆ ಒಂದು ರೂಪಾಯಿಯ ಎರಡು ನಾಣ್ಯ ಜೋಡಿಯಾಗಿ ಇಳಿಯುತ್ತಿದ್ದವು. ಆಗಸ್ಟ್‌ನಲ್ಲಿ ಒಂದೇ ಇಳಿಯಿತು. ಅಂದರೆ ಎರಡೂ ಬದಿ ಸೇರಿ ಸುಮಾರು 3 ಮಿ.ಮೀ. ಹಿಗ್ಗಿದೆ. ಚಳಿಗಾಲ ಕಳೆದ ಮೇಲೆ ಮತ್ತೆ ಎರಡು. ಬಿರುಕಿಲ್ಲ, ಉಬ್ಬಿಲ್ಲ, ಕಟಕಟವೂ ಇಲ್ಲ. ಅದೇ ಗುರುಗಳು ಈಗ ಕಿರಿಯರಿಗೆ ತೋರಿಸಲು ಟೇಬಲ್ ಕೇಳಿ ಒಯ್ಯುತ್ತಾರೆ.

ಮೂರಕ್ಕೂ ಸೇರಿ 9,000 ದಾಟಿತು. ಅದರಲ್ಲಿ ಅರ್ಧ ದೀಪಾವಳಿಗೆ ಊರಿಗೆ ಹೋಗಲು ಮತ್ತು ಬಟ್ಟೆಗೆ ಇಟ್ಟದ್ದು. ಆಮೇಲೆ ಇದೇ ಮಾದರಿಯ ಎರಡು ಮಾರಿದೆ, ಕೋಥ್ರೂಡ್‌ನ ಒಂದು ಮನೆಗೆ 6,500ಕ್ಕೆ, ಇನ್ನೊಂದು 7,000ಕ್ಕೆ. ಪಂಥ ಸೋತ ಕಾಕಾ ಈಗ ಬೇರೆ ಗಿರಾಕಿಗಳಿಗೂ ಉದ್ದ ತೂತು ಹಾಕಿ ಕೊಡುತ್ತಿದ್ದಾರೆ. ತೂತಿಗೆ 15 ರೂಪಾಯಿ ಹೆಚ್ಚುವರಿ. ನನಗೂ ರಿಯಾಯಿತಿ ಇಲ್ಲ.