ಸಿ ಭಾಷೆಯಲ್ಲಿ ಸ್ಥಿರಾಂಕಗಳನ್ನು ಬಳಸುವ ಬಗೆ

ಕೃಷ್ಣರಾಜಸಾಗರದ ಗರಿಷ್ಠ ನೀರಿನ ಮಟ್ಟವಾದ 124.80 ಅಡಿಯನ್ನು ಬಳಸುವ ಪ್ರೋಗ್ರಾಮನ್ನು ಮಂಡ್ಯದ ವಿದ್ಯಾರ್ಥಿಯೊಬ್ಬರು ಬರೆಯುವಾಗ, ಆ ಸಂಖ್ಯೆಯನ್ನು ಹತ್ತು ಕಡೆ ನೇರವಾಗಿ ಬರೆಯುವ ಬದಲು, ಆರಂಭದಲ್ಲೇ ‘ಕಾನ್ಸ್ಟ್ ಡಬಲ್’ (ಬೆಲೆ ಬದಲಾಗದ ದಶಮಾಂಶ ಸಂಖ್ಯೆ, ಅಂದರೆ ಸ್ಥಿರಾಂಕ) ಎಂದು ಘೋಷಿಸಿ ಅದಕ್ಕೊಂದು ಹೆಸರು ಕೊಡುವುದು ಒಳ್ಳೆಯದು. ಆಮೇಲೆ ಯಾವುದಾದರೂ ಸಾಲು ಅದರ ಬೆಲೆಯನ್ನು ಬದಲಿಸಲು ಹೊರಟರೆ ಪ್ರೋಗ್ರಾಮನ್ನು ಯಂತ್ರಭಾಷೆಗೆ ಅನುವಾದಿಸುವ ಕಂಪೈಲರೇ ತಡೆಯುತ್ತದೆ. ದಶಮಾಂಶ ಬಿಂದುವುಳ್ಳ ಸಂಖ್ಯೆಯನ್ನು ಸಿ ಭಾಷೆಯು ಡಬಲ್ ಎಂದೇ ಪರಿಗಣಿಸುವುದರಿಂದ, ಕಡಿಮೆ ನಿಖರತೆಯ ಫ್ಲೋಟ್ ಬೇಕಿದ್ದರೆ ಕೊನೆಯಲ್ಲಿ ‘ಎಫ್’ ಅಕ್ಷರವನ್ನು ಸೇರಿಸಬೇಕು.

ಹೊಸಬರು ಎಡವುವುದು ಸೊನ್ನೆಯಲ್ಲಿ: ಅಂಕಿಗಳ ಸಾಲು ಅಂದವಾಗಿ ಕಾಣಲೆಂದು 10ರ ಮೊದಲು ಸೊನ್ನೆಯಿಟ್ಟು 010 ಎಂದು ಬರೆದರೆ, ಅದು ಅಷ್ಟಮಾನ (ಎಂಟರ ಆಧಾರದ) ಸಂಖ್ಯೆಯಾಗಿ 8 ಆಗಿಬಿಡುತ್ತದೆ, ಕಂಪೈಲರ್ ಸಾಮಾನ್ಯವಾಗಿ ಎಚ್ಚರಿಸುವುದೂ ಇಲ್ಲ. ಸ್ಥಿರಾಂಕಕ್ಕೆ ಹೆಸರಿಡುವ ಇನ್ನೊಂದು ಬಗೆಯಾದ ‘ಡಿಫೈನ್’ ಬಳಸುವವರು ಸಾಲಿನ ಕೊನೆಗೆ ಅರ್ಧವಿರಾಮ ಹಾಕಬಾರದು, ಏಕೆಂದರೆ ಹೆಸರು ಬಂದ ಕಡೆಯೆಲ್ಲ ಅದೂ ಅಂಟಿಕೊಂಡು ಬರುತ್ತದೆ. ಸ್ವಿಚ್‌ನ ಕೇಸ್‌ಗಳಲ್ಲಿ (ಬೆಲೆಗೆ ತಕ್ಕಂತೆ ದಾರಿ ಆರಿಸುವ ಕವಲುಗಳಲ್ಲಿ) ಕಾನ್ಸ್ಟ್ ಚರಾಂಕ ಸಲ್ಲದು. ಅಲ್ಲಿ ಡಿಫೈನ್ ಅಥವಾ ಈನಮ್ (ಪೂರ್ಣಾಂಕಗಳಿಗೆ ಹೆಸರು ಕೊಡುವ ಪಟ್ಟಿ) ಬೇಕು.