ಕತ್ತರಿಸದೆ ಕಟ್ಟಿದ ಸ್ಕ್ರ್ಯಾಂಬ್ಲರ್: ಅಂಗಳದಲ್ಲೇ ಹಳೇ ಬೈಕಿಗೆ ಹೊಸ ರೂಪ

ನಮ್ಮ ಕಡೆ ಎಷ್ಟೋ ಮನೆಗಳ ಕೊಟ್ಟಿಗೆ ಬದಿಯಲ್ಲಿ ಒಂದು ಹಳೇ ಬೈಕ್ ನಿಂತಿರುತ್ತದೆ. ಹೊಸ ಗಾಡಿ ಬಂದ ಮೇಲೆ ಅಡಿಕೆ ಗೋಣಿಗಳ ಹಿಂದೆ ಸರಿದದ್ದು. ನಮ್ಮಲ್ಲಿ ಇದ್ದದ್ದು ಅಪ್ಪನ 2004ರ ಹೀರೋ ಹೋಂಡಾ ಸ್ಪ್ಲೆಂಡರ್. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಡಾಂಬರು ರಸ್ತೆ ಬಿಟ್ಟು ಒಳಗೆ ಬಂದರೆ ನಮ್ಮ ಮನೆಗೆ ಒಂದು ಕಿಲೋಮೀಟರ್ ಮುರಕಲ್ಲಿನ ದಾರಿ. ಇಪ್ಪತ್ತು ವರ್ಷ ಆ ದಾರಿಯಲ್ಲಿ ಓಡಿದ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅದನ್ನೇ ಸ್ಕ್ರ್ಯಾಂಬ್ಲರ್ ಮಾಡಿದೆ.

ಸ್ಕ್ರ್ಯಾಂಬ್ಲರ್ ಎಂದರೆ ಡಾಂಬರಿಗೂ ಕಲ್ಲುಮಣ್ಣಿನ ದಾರಿಗೂ ಒಗ್ಗುವ ಬೈಕ್. ಅಗಲ ಹ್ಯಾಂಡಲ್, ಚಪ್ಪಟೆ ಸೀಟು, ಮೈತುಂಬ ಉಬ್ಬುಗಳಿರುವ ಬಟನ್ ಟಯರ್, ಮೈಮೇಲೆ ಅನಗತ್ಯ ಪ್ಲಾಸ್ಟಿಕ್ ಇಲ್ಲ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಗುಡ್ಡಗಾಡಿನ ರೇಸ್ ಒಂದು ನಡೆಯಿತು. ‘ಸ್ಕ್ರ್ಯಾಂಬಲ್’ ಎಂಬ ಹೆಸರು ಅಲ್ಲಿಂದ ನೆಲೆಯಾಯಿತು. ಆಗ ಅದಕ್ಕೆಂದೇ ತಯಾರಾದ ಬೈಕುಗಳು ಇರಲಿಲ್ಲ. ದಿನಾ ಓಡಿಸುವ ಗಾಡಿಯಿಂದಲೇ ಬೇಡದ್ದನ್ನು ಕಳಚಿ ಗುಡ್ಡ ಹತ್ತಿಸುತ್ತಿದ್ದರು. ಕಂಪನಿಗಳೇ ಸ್ಕ್ರ್ಯಾಂಬ್ಲರ್ ತಯಾರಿಸಿ ಮಾರಿದ್ದು ಆಮೇಲೆ.

ಶುರು ಮಾಡುವ ಮೊದಲು ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋಗಿದ್ದೆ. ಅವರು ಹೇಳಿದ್ದು ಒಂದೇ ಮಾತು: "ಏನು ಬೇಕಾದ್ರೂ ಬಿಚ್ಚಿ, ಏನು ಬೇಕಾದ್ರೂ ಹಾಕಿ. ಫ್ರೇಮಿಗೆ ಮಾತ್ರ ಗ್ರೈಂಡರ್ ಇಡ್ಬೇಡಿ ಮಾರಾಯ್ರೇ." ಈ ಲೇಖನ ಪೂರ್ತಿ ಆ ಮಾತಿನ ಮೇಲೆ ನಿಂತಿದೆ. ಇಲ್ಲಿ ಯಾವುದನ್ನೂ ಕತ್ತರಿಸುವುದಿಲ್ಲ, ಬೆಸುಗೆ ಹಾಕುವುದಿಲ್ಲ. ಎಲ್ಲವೂ ಬೋಲ್ಟಿನಲ್ಲಿ ಕೂರಬೇಕು, ಬೋಲ್ಟ್ ಬಿಚ್ಚಿದರೆ ಹಳೇ ಗಾಡಿ ವಾಪಸ್ ಸಿಗಬೇಕು.

ಮೊದಲು ಆರ್‌ಸಿ, ಆಮೇಲೆ ಸ್ಪ್ಯಾನರ್

ಕಾನೂನಿನ ವಿಷಯ ಬೇಸರ ಅನಿಸಬಹುದು. ಆದರೆ ಕೆಲಸ ಮುಗಿದ ಮೇಲೆ ಇದನ್ನು ಓದಿದರೆ ಪ್ರಯೋಜನ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಆ ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯ ನಂತರ, ಮಾಲೀಕ ನಿಯಮ ಮೀರಿ ಮಾಡಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಹಾಗಾಗಿ ಎಂಜಿನ್, ಫ್ರೇಮ್, ಸೈಲೆನ್ಸರ್ ಮುಟ್ಟಬೇಡಿ. ಬಣ್ಣವೂ ಆರ್‌ಸಿಯಲ್ಲಿ ಬರೆದಿರುತ್ತದೆ. ನಮ್ಮದು ಕಪ್ಪು, ಕಪ್ಪೇ ಉಳಿಸಿಕೊಂಡೆ. ಬೇರೆ ಬಣ್ಣ ಬೇಕೆಂದರೆ ಆರ್‌ಟಿಒಗೆ ಅರ್ಜಿ ಹಾಕಿ ಆರ್‌ಸಿಯಲ್ಲಿ ಬದಲಿಸಿಕೊಳ್ಳಬೇಕು. ಹ್ಯಾಂಡಲ್, ಹೆಡ್‌ಲೈಟ್ ಬದಲಿಸುವ ಆಸೆ ಇದ್ದರೆ ಸಾಮಾನು ಕೊಳ್ಳುವ ಮೊದಲೇ ಅಲ್ಲಿ ವಿಚಾರಿಸಿ. ಅವರು ಬೇಡ ಎಂದದ್ದನ್ನು ಬಿಟ್ಟುಬಿಡಿ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಅವಧಿ ಮುಗಿದಿದ್ದರೆ ಬಿಚ್ಚುವ ಮೊದಲೇ ಅದನ್ನು ಮುಗಿಸಿಕೊಳ್ಳಿ.

ಇನ್ನೊಂದು: ಪೇಟೆಯಲ್ಲಿ ಕಾಣುವ ಸ್ಕ್ರ್ಯಾಂಬ್ಲರ್‌ಗಳಲ್ಲಿ ಹಿಂದಿನ ಮಡ್‌ಗಾರ್ಡ್, ಸೀರೆ ಗಾರ್ಡ್, ಹಿಡಿಕೆ ಎಲ್ಲ ಮಾಯವಾಗಿರುತ್ತವೆ. ಕೇಂದ್ರ ಮೋಟಾರು ವಾಹನ ನಿಯಮ 123 ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಂತೆ ಮುಚ್ಚುವ ರಕ್ಷಣೆ ಬೇಕೆನ್ನುತ್ತದೆ. ಅಮ್ಮ ಹಿಂದೆ ಕೂತು ಕುಂಬಳೆಗೆ ಬರುವ ಗಾಡಿ ಇದು. ನಾನು ಮೂರನ್ನೂ ಉಳಿಸಿದೆ.

ಬಿಚ್ಚುವುದು

ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಕೆಲಸಕ್ಕೆ ಕೈ ಹಾಕಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆಷಾಢದಲ್ಲಿ ಪೇಂಟ್ ಹೊಡೆದರೆ ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ.

ಬ್ಯಾಟರಿಯ ವಯರ್ ಮೊದಲು ತೆಗೆಯಿರಿ. ಪೆಟ್ರೋಲ್ ಖಾಲಿ ಮಾಡಿ. ಆಮೇಲೆ ಸೀಟು, ಸೈಡ್ ಕವರ್, ಟ್ಯಾಂಕ್. ಒಂದೊಂದು ಭಾಗ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ, ವಯರಿನ ಜೋಡಣೆಗೆ ಪೇಪರ್ ಟೇಪ್ ಸುತ್ತಿ ನಂಬರ್. ಬೋಲ್ಟುಗಳನ್ನು ಭಾಗವಾರು ಬೇರೆ ಬೇರೆ ಡಬ್ಬದಲ್ಲಿ ಹಾಕಿ.

ಸೈಡ್ ಕವರ್ ತೆಗೆದಾಗ ಕಂಡದ್ದು ನನಗೆ ಇನ್ನೂ ನೆನಪಿದೆ. ಏರ್ ಫಿಲ್ಟರ್ ಡಬ್ಬದ ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು. ಅದರ ಕೆಳಗೆ ಇಪ್ಪತ್ತು ವರ್ಷದ ಕೆಂಪು ಧೂಳು ಎಣ್ಣೆಯೊಂದಿಗೆ ಸೇರಿ ಹಲ್ವದ ಹಾಗೆ ಗಟ್ಟಿಯಾಗಿತ್ತು. ಸ್ಕ್ರೂ ಡ್ರೈವರಿನಲ್ಲಿ ಕೆರೆದಾಗ ಹೋಳುಹೋಳಾಗಿ ಬಿತ್ತು, ಕೆಳಗೆ ಕಂಪನಿಯ ಕಪ್ಪು ಬಣ್ಣ ಹಾಗೇ ಇತ್ತು. ತುಕ್ಕು ಹಿಡಿದದ್ದು ಧೂಳು ಮುಚ್ಚಿದ ಜಾಗದಲ್ಲಿ ಅಲ್ಲ, ಮಳೆನೀರು ನಿಲ್ಲುವ ಜಾಗದಲ್ಲಿ: ಸೀಟಿನ ಅಡಿಯ ತಗಡು, ಸೈಡ್ ಸ್ಟ್ಯಾಂಡಿನ ಬುಡ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಫ್ರೇಮಿಗೆ ಸೇರುವ ಕಡೆ. ಈ ಮೂರು ಕಡೆ ಬೆಳಕು ಹಿಡಿದು ನೋಡಿ. ಫ್ರೇಮಿನಲ್ಲಿ ಬಿರುಕು ಕಂಡರೆ ಅಲ್ಲಿಗೆ ಈ ಕೆಲಸ ನಿಲ್ಲಿಸಿ, ಬಲ್ಲವರಿಗೆ ತೋರಿಸಿ.

ಎಂಜಿನ್ ಕವರಿನ ಸ್ಟಾರ್ ಸ್ಕ್ರೂಗಳು ಹಠ ಮಾಡುತ್ತವೆ. ಸುಮ್ನೆ ತಿರುಗಿಸಿದರೆ ತಲೆ ಸವೆದುಹೋಗುತ್ತದೆ. ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಒಂದು ಬಾಡಿಗೆಗೋ ಸಾಲಕ್ಕೋ ತನ್ನಿ.

ಮೊದಲು ಓಡಲಿ, ಆಮೇಲೆ ಚಂದ ಕಾಣಲಿ

ಟ್ಯಾಂಕಿನ ಒಳಗೆ ತುಕ್ಕು ಇದ್ದರೆ ವಿನೆಗರ್ ತುಂಬಿಸಿ ಒಂದು ದಿನ ಬಿಡಿ. ಒಂದು ಹಿಡಿ ಹಳೇ ನಟ್ಟುಗಳನ್ನು ಹಾಕಿ ಚೆನ್ನಾಗಿ ಅಲುಗಾಡಿಸಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಸೋಡಾಪುಡಿ ಬೆರೆಸಿದ ನೀರಿನಲ್ಲಿ ತೊಳೆದು, ಆ ದಿನವೇ ಬಿಸಿಲಲ್ಲಿ ಪೂರ್ತಿ ಒಣಗಿಸಿ. ತೇವ ಉಳಿದರೆ ರಾತ್ರಿಯೊಳಗೆ ಮತ್ತೆ ಕೆಂಪಗಾಗುತ್ತದೆ.

ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳನ್ನು ತೊಳೆಯಿರಿ. ಪ್ಲಗ್ಗಿನ ಗ್ಯಾಪ್ 0.6ರಿಂದ 0.7 ಮಿಲಿಮೀಟರ್. ಎಂಜಿನ್ ಆಯಿಲ್, ಫೋರ್ಕ್ ಆಯಿಲ್, ಬ್ರೇಕ್ ಶೂ, ಕೇಬಲ್‌ಗಳು ಹೊಸತು. ಶಬ್ದ ಚೆನ್ನಾಗಿ ಬರುತ್ತದೆಂದು ಬಾಯಿ ತೆರೆದ ಕೋನ್ ಫಿಲ್ಟರ್ ಹಾಕುವವರಿದ್ದಾರೆ. ನಮ್ಮ ಮುರಕಲ್ಲಿನ ಧೂಳಿಗೆ ಅದು ಆಗುವುದೇ ಇಲ್ಲ. ಆ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗ್ ಸವೆಯುತ್ತದೆ. ಕಂಪನಿಯ ಡಬ್ಬವೇ ಇರಲಿ.

ರೂಪ ಬದಲಾಗುವುದು ಇಲ್ಲಿ

ಟಯರ್: ಸ್ಪ್ಲೆಂಡರಿಗೆ ಎರಡೂ ಕಡೆ 2.75-18. ಸೈಜ್ ಅದೇ ಇಟ್ಟು ಬಟನ್ ಟಯರ್ ಕೇಳಿ. ದಪ್ಪ ಟಯರ್ ನೋಡಲು ಗತ್ತಾಗಿರುತ್ತದೆ, ನಿಜ. ಆದರೆ 97.2 ಸಿಸಿ ಎಂಜಿನ್‌ಗೆ ಅದನ್ನು ಎಳೆಯುವುದು ಕಷ್ಟ, ಚೈನಿಗೆ ತಾಗುವ ಭಯವೂ ಇದೆ. ಗಾಳಿ ಮುಂದೆ 25, ಹಿಂದೆ 28 ಪಿಎಸ್‌ಐ.

ಹ್ಯಾಂಡಲ್: ನಡುವೆ ಅಡ್ಡಪಟ್ಟಿ ಇರುವ 22 ಮಿಲಿಮೀಟರಿನ ಅಗಲ ಹ್ಯಾಂಡಲ್ ಸ್ಪ್ಲೆಂಡರಿನ ಕ್ಲ್ಯಾಂಪಿಗೆ ಕೂರುತ್ತದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಹಳೇ ಅಳತೆಯ ಕೇಬಲ್‌ಗಳನ್ನೇ ಹಾಕಿ ಸ್ಟಾರ್ಟ್ ಮಾಡಿದೆ. ನೇರ ಇರುವಾಗ ಎಲ್ಲ ಸರಿ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದ್ದೇ ತಡ, ಆಕ್ಸಿಲರೇಟರ್ ಕೇಬಲ್ ಬಿಗಿದು ಎಂಜಿನ್ ತಾನಾಗಿ ಕೂಗಿತು. ಅಂಗಳದಲ್ಲಿ ನಿಂತಿದ್ದೆ, ಬಚಾವ್. ತಿರುವಿನಲ್ಲಾಗಿದ್ದರೆ? ಅಗಲ ಹ್ಯಾಂಡಲಿಗೆ ಉದ್ದ ಕೇಬಲ್ ಬೇಕೇಬೇಕು. ಹಾಕಿದ ಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ, ಎರಡೂ ಕಡೆ ಪೂರ್ತಿ ತಿರುಗಿಸಿ ಶಬ್ದ ಕೇಳಿ. ಒಂದಿಷ್ಟೂ ಬದಲಾಗಬಾರದು.

ಹೆಡ್‌ಲೈಟ್: ಚೌಕದ್ದನ್ನು ವೈಸರ್ ಸಮೇತ ಇಳಿಸಿ, ಫೋರ್ಕಿಗೆ ಕ್ಲ್ಯಾಂಪಿನಲ್ಲಿ ಕೂರುವ ದುಂಡು ಬೌಲ್ ಹಾಕಬಹುದು. ಬಲ್ಬ್ ಮಾತ್ರ ಹಳೇ ವ್ಯಾಟಿನದೇ ಇರಲಿ. ಹಳೇ ಸ್ಪ್ಲೆಂಡರಿನ ಹೆಡ್‌ಲೈಟಿಗೆ ಕರೆಂಟ್ ಬರುವುದು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗುವಾಗ ಹುಟ್ಟುವ ಎಸಿ. ಡಿಸಿ ಎಲ್‌ಇಡಿ ಹಾಕಿದರೆ ಮಿಣುಕುತ್ತದೆ, ಬೇಗ ಕೆಡುತ್ತದೆ.

ಇನ್ನು ಸೀಟು. ಸ್ಕ್ರ್ಯಾಂಬ್ಲರ್ ಅನ್ನಿಸುವುದು ಇದರಿಂದಲೇ, ಆದ್ದರಿಂದ ಅವಸರ ಬೇಡ. ಗುಜರಿಯಿಂದ ಇನ್ನೊಂದು ಸ್ಪ್ಲೆಂಡರ್ ಸೀಟಿನ ತಗಡು ತನ್ನಿ, ನಿಮ್ಮದನ್ನು ಹಾಗೇ ಎತ್ತಿಡಿ. ತಗಡಿನ ತುಕ್ಕು ಉಜ್ಜಿ ಪ್ರೈಮರ್ ಬಳಿಯಿರಿ. ಕೆಳಗೆ ಗಟ್ಟಿಯಾದ ರೀಬಾಂಡ್ ಫೋಮ್, ಮೇಲೆ ಎರಡು ಬೆರಳು ದಪ್ಪಕ್ಕೆ ಮೆತ್ತನೆಯದು. ಹ್ಯಾಕ್ಸಾ ಬ್ಲೇಡಿನಲ್ಲಿ ನಿಧಾನ ಕೊಯ್ಯಿರಿ, ಅಂಚನ್ನು ಉಪ್ಪುಕಾಗದದಿಂದ ದುಂಡು ಮಾಡಿ. ರೆಕ್ಸಿನ್ ಹೊಲಿಗೆಗೆ ಸೀಟು ಕೆಲಸದವರ ಹತ್ತಿರವೇ ಹೋಗಬೇಕು. ಅಡ್ಡ ಪಟ್ಟೆಯ ಹೊಲಿಗೆ ಚಂದ ಕಾಣುತ್ತದೆ, ಆದರೆ ಒಂದೊಂದು ಹೊಲಿಗೆಯೂ ನೀರಿಗೆ ದಾರಿ. ರೆಕ್ಸಿನ್ ಅಡಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹೊದಿಸಲು ಮರೆಯದೆ ಹೇಳಿ. ಇಲ್ಲದಿದ್ದರೆ ಜೂನ್‌ನಲ್ಲಿ ನೀರು ಕುಡಿದ ಫೋಮ್ ಚೌತಿವರೆಗೂ ಒಣಗುವುದಿಲ್ಲ.

ಪೇಂಟಿನಲ್ಲಿ ಹೊಸ ವಿದ್ಯೆ ಏನಿಲ್ಲ. 240ರ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, 800ರಲ್ಲಿ ನೀರು ಹಾಕಿ ಉಜ್ಜಿ, ತೆಳುವಾಗಿ ಮೂರು ಕೋಟ್. ಗಾಳಿ ಆಡುವ ಜಾಗದಲ್ಲಿ ಮಾಸ್ಕ್ ಹಾಕಿ ಮಾಡಿ. ಒಣಹಾಕಿದ ಅಡಿಕೆ ಹತ್ತಿರ ಇರಬಾರದು.

ಮೊದಲ ಓಟ

ಚೈನ್ ನಡುವೆ 20ರಿಂದ 30 ಮಿಲಿಮೀಟರ್ ಆಡಬೇಕು. ಬ್ರೇಕ್, ಲೈಟ್, ಹಾರ್ನ್, ಇಂಡಿಕೇಟರ್ ಎರಡೆರಡು ಸಲ ನೋಡಿ. ಮೊದಲ ದಿನ ಮನೆಯ ದಾರಿ ಬಿಟ್ಟು ಹೋಗಬೇಡಿ. ಹತ್ತು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೂ ಸ್ಪ್ಯಾನರ್ ಮುಟ್ಟಿಸಿ, ನೂರು ಕಿಲೋಮೀಟರಿಗೆ ಇನ್ನೊಮ್ಮೆ.

ನಾನು ಎರಡನೇ ವಾರ ಪೊಸಡಿಗುಂಪೆ ಬೆಟ್ಟದ ಕಡೆಗೆ ಹೋದೆ. ಏರಿನಲ್ಲಿ ಎರಡನೇ ಗೇರಿನಲ್ಲೇ ಹತ್ತಿತು. ಜಲ್ಲಿಯಲ್ಲಿ ಮೊದಲು ಜಾರುತ್ತಿದ್ದ ಹಿಂದಿನ ಚಕ್ರ ಈಗ ಕಚ್ಚಿಕೊಂಡು ಹೋಗುತ್ತದೆ. ಅಗಲ ಹ್ಯಾಂಡಲಿನಿಂದ ಗುಂಡಿ ತಪ್ಪಿಸುವುದು ಸುಲಭ. ಡಾಂಬರಿನಲ್ಲಿ ಮಾತ್ರ ಬಟನ್ ಟಯರ್ ಗುಂಯ್‌ಗುಡುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಮೊದಲಿಗಿಂತ ನಿಧಾನ ಹೋಗಬೇಕು. ವಾಪಸ್ ಬಂದು ನೋಡಿದರೆ ಮುಂದಿನ ಮಡ್‌ಗಾರ್ಡಿನ ಒಂದು ಬೋಲ್ಟ್ ಸಡಿಲ. ನೈಲಾನ್ ಇರುವ ಲಾಕ್ ನಟ್ ಹಾಕಿದೆ.

ಹಳೇ ಹ್ಯಾಂಡಲ್, ಚೌಕ ಹೆಡ್‌ಲೈಟ್, ಅಪ್ಪನ ಸೀಟು ಒಂದು ಗೋಣಿಯಲ್ಲಿ ಅಟ್ಟದ ಮೇಲೆ ಇವೆ. ತುಕ್ಕು ಹಿಡಿಯದಂತೆ ಗ್ರೀಸ್ ಸವರಿ, ಯಾವ ಬೋಲ್ಟ್ ಯಾವುದಕ್ಕೆ ಎಂದು ಚೀಟಿ ಕಟ್ಟಿ ಇಟ್ಟಿದ್ದೇನೆ.