ಹಳೆಯ ಕಾರಿನ ಬ್ರೇಕ್ ಬೂಸ್ಟರ್ ತೆಗೆಯುವ ಮುನ್ನ ಅಳತೆ ಟೇಪು ಹಿಡಿಯಿರಿ

ಹಳೆಯ ಕಾರಿನ ಬಾನೆಟ್ ಎತ್ತಿದರೆ ಬ್ರೇಕ್ ಪೆಡಲಿನ ನೇರಕ್ಕೆ, ತಗಡಿನ ಗೋಡೆಗೆ ಅಂಟಿಕೊಂಡಂತೆ ಒಂದು ದುಂಡನೆಯ ಡಬ್ಬಿ ಕಾಣುತ್ತದೆ. ಅದು ಬ್ರೇಕ್ ಬೂಸ್ಟರ್. ಅದರ ಮುಂದಿರುವುದು ಮಾಸ್ಟರ್ ಸಿಲಿಂಡರ್, ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ. ಬೂಸ್ಟರ್ ಬಿಚ್ಚಿ, ಅದೇ ಸಿಲಿಂಡರನ್ನು ಗೋಡೆಗೆ ಬೋಲ್ಟ್ ಮಾಡಿದರೆ ಮ್ಯಾನುಯಲ್ ಬ್ರೇಕ್ (ಬರೀ ಕಾಲಿನ ಬಲದಲ್ಲಿ ನಡೆಯುವುದು) ಆಯಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಸಿಗುವುದು ಕಲ್ಲಿನಂಥ ಪೆಡಲ್ ಮತ್ತು ಬೇಗ ನಿಲ್ಲದ ಕಾರು. ಬೂಸ್ಟರ್ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರೋ ಮಾಡಬೇಕು, ಅಲ್ವಾ? ಆ ಲೆಕ್ಕ ಮೊದಲು ಮುಗಿಯಬೇಕು.

ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಆ ಗಾಳಿ ಒಳಗೆ ಹೋಗುವ ಕೊಳವೆಯಾದ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಹುಟ್ಟುತ್ತದೆ. ಬೂಸ್ಟರ್ ಒಳಗೊಂದು ರಬ್ಬರ್ ಪರದೆ. ಅದರ ಒಂದು ಕಡೆ ಈ ವ್ಯಾಕ್ಯೂಮ್, ಪೆಡಲ್ ಒತ್ತಿದಾಗ ಇನ್ನೊಂದು ಕಡೆ ಹೊರಗಿನ ಗಾಳಿ. ಗಾಳಿಯ ಒತ್ತಡವೇ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ಪರದೆ 20 ಸೆಂ.ಮೀ. ಅಗಲವಿದ್ದು, ವ್ಯಾಕ್ಯೂಮ್ 450 ಮಿ.ಮೀ. ಪಾದರಸದಷ್ಟಿದ್ದರೆ ಸಿಗುವ ಬಲ ಸುಮಾರು 190 ಕೆ.ಜಿ. ಬೂಸ್ಟರ್ ಜೊತೆಗೆ ಇಷ್ಟೂ ಹೊರಟುಹೋಗುತ್ತದೆ.

ಹಾಗಾದರೆ ತೆಗೆಯುವುದು ಯಾಕೆ? ಜಾಸ್ತಿ ಪವರ್‌ಗಾಗಿ ಕ್ಯಾಮ್‌ಶಾಫ್ಟ್ ಬದಲಿಸಿದ ಎಂಜಿನ್‌ಗಳಲ್ಲಿ ವ್ಯಾಕ್ಯೂಮ್ ಕಡಿಮೆಯಾಗಿ ಬೂಸ್ಟರ್ ಕೈಕೊಡುತ್ತದೆ. ದೊಡ್ಡ ಎಂಜಿನ್ ಕೂರಿಸಿದರೆ ಡಬ್ಬಿಗೆ ಜಾಗವೇ ಇರುವುದಿಲ್ಲ. ಕೆಲವರಿಗೆ ಬ್ರೇಕಿನ ಹಿಡಿತ ನೇರವಾಗಿ ಕಾಲಿಗೆ ತಿಳಿಯಬೇಕು. ಇವೆಲ್ಲ ಸರಿಯಾದ ಕಾರಣಗಳೇ. ಆದರೆ ಬೂಸ್ಟರ್ ಕೆಟ್ಟಿದೆ ಎಂಬ ಒಂದೇ ಕಾರಣಕ್ಕೆ ಹೊರಟಿದ್ದರೆ ಹೊಸ ಬೂಸ್ಟರ್ ಹಾಕಿಸಿ, ಅದು ಸುಲಭ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಭಾರವಾದ ಕಾರು, ಎಬಿಎಸ್ ಇರುವ ಕಾರು, ಕಾಲಿನಲ್ಲಿ ಶಕ್ತಿ ಕಡಿಮೆ ಇರುವವರೂ ಓಡಿಸುವ ಕಾರು ಇವಕ್ಕೆ ಈ ಬದಲಾವಣೆ ಬೇಡವೇ ಬೇಡ. ನಿಮ್ಮಲ್ಲಿನ ವಾಹನ ನಿಯಮ ಮತ್ತು ವಿಮೆಯ ಷರತ್ತು ಇದನ್ನು ಒಪ್ಪುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಅಳತೆ ಮತ್ತು ಲೆಕ್ಕ

ಹಾರೆಯಿಂದ ಕಲ್ಲು ಮೀಟುವಾಗ ಕೈ ದೂರವಿದ್ದಷ್ಟೂ ಕಲ್ಲು ಹಗುರ. ಪೆಡಲ್ ಕೂಡ ಹಾಗೇ. ಪೆಡಲ್ ತೂಗುವ ಪಿನ್‌ನಿಂದ ಕಾಲಿಡುವ ಜಾಗದ ನಡುವಿಗೆ ಎಷ್ಟಿದೆ ಅಳೆಯಿರಿ. ಅದೇ ಪಿನ್‌ನಿಂದ ಪುಶ್ ರಾಡ್ (ಪೆಡಲಿನ ಬಲವನ್ನು ಮುಂದಕ್ಕೆ ಒಯ್ಯುವ ಸರಳು) ಸೇರುವ ತೂತಿಗೆ ಎಷ್ಟಿದೆ ಅಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪವರ್ ಬ್ರೇಕಿನಲ್ಲಿ, ಅಂದರೆ ಬೂಸ್ಟರ್ ಇರುವುದರಲ್ಲಿ, ಉತ್ತರ ಸಾಮಾನ್ಯವಾಗಿ 4ರ ಆಸುಪಾಸು ಬರುತ್ತದೆ. ಮ್ಯಾನುಯಲ್‌ಗೆ 6ರ ಹತ್ತಿರ ಬೇಕು. ಪೆಡಲ್ 33 ಸೆಂ.ಮೀ. ಇದ್ದರೆ ತೂತು ಪಿನ್‌ನಿಂದ 5.5 ಸೆಂ.ಮೀ. ದೂರದಲ್ಲಿರಬೇಕು.

ಎರಡೂ ಬಗೆಯ ಬ್ರೇಕಿನೊಂದಿಗೆ ಮಾರಾಟವಾದ ಎಷ್ಟೋ ಹಳೆಯ ಕಾರುಗಳ ಪೆಡಲಿನಲ್ಲಿ ಕಂಪನಿಯೇ ಎರಡು ತೂತು ಕೊರೆದಿರುತ್ತದೆ. ಪಿನ್‌ಗೆ ಹತ್ತಿರದ ಮೇಲಿನ ತೂತು ಮ್ಯಾನುಯಲ್‌ಗೆ. ಇಲ್ಲದಿದ್ದರೆ ಅದೇ ಮಾದರಿಯ ಮ್ಯಾನುಯಲ್ ಪೆಡಲ್ ಹುಡುಕುವುದು ಒಳ್ಳೆಯದು. ಸುಮ್ನೆ ಡ್ರಿಲ್ ಹಿಡಿದು ತೂತು ಹೊಡೆಯಬೇಡಿ. ಪೆಡಲ್ ಮುರಿದರೆ ಉಳಿದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಮಾಸ್ಟರ್ ಸಿಲಿಂಡರಿನ ಒಳ ಅಗಲ. ಪವರ್ ಬ್ರೇಕಿಗೆ 1 1/8 ಇಂಚಿನದು ಇರುವುದುಂಟು. ಮ್ಯಾನುಯಲ್‌ಗೆ 7/8, 15/16 ಅಥವಾ 1 ಇಂಚು. ಸಿಲಿಂಡರ್ ಕಿರಿದಾದಷ್ಟೂ ಅದೇ ಬಲಕ್ಕೆ ಹೆಚ್ಚು ಒತ್ತಡ. ಕಾಲಿನಿಂದ 30 ಕೆ.ಜಿ. ಒತ್ತುತ್ತೀರಿ ಅಂದುಕೊಳ್ಳಿ. 4ರ ಪೆಡಲ್, 1 1/8 ಇಂಚಿನ ಸಿಲಿಂಡರ್, ಬೂಸ್ಟರ್ ಇಲ್ಲ: ಪ್ರತಿ ಚದರ ಸೆಂ.ಮೀ.ಗೆ ಸುಮಾರು 19 ಕೆ.ಜಿ. ಒತ್ತಡ. 6ರ ಪೆಡಲ್, 7/8 ಇಂಚಿನ ಸಿಲಿಂಡರ್: ಸುಮಾರು 46 ಕೆ.ಜಿ. ಹತ್ತಿರಹತ್ತಿರ ಎರಡೂವರೆ ಪಟ್ಟು.

ಇದಕ್ಕೆ ಬೆಲೆಯೂ ಇದೆ. ಪೆಡಲ್ ಓಡುವ ದೂರವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ನಾಲ್ಕೂ ಚಕ್ರಕ್ಕೆ ದೊಡ್ಡ ಕ್ಯಾಲಿಪರ್ (ಡಿಸ್ಕ್ ಬ್ರೇಕಿನಲ್ಲಿ ಡಿಸ್ಕನ್ನು ಹಿಡಿಯುವ ಭಾಗ) ಇದ್ದರೆ 7/8 ಇಂಚಿನ ಸಿಲಿಂಡರ್ ಸಾಕಷ್ಟು ಬ್ರೇಕ್ ಆಯಿಲ್ ತಳ್ಳಲಾರದು, ಪೆಡಲ್ ನೆಲಕ್ಕೆ ತಾಗಬಹುದು. ನನ್ನ ಮಟ್ಟಿಗೆ ಸರಿಯಾದ ದಾರಿ ಒಂದೇ: ನಿಮ್ಮ ಮಾದರಿಗೆ ಕಂಪನಿ ಮ್ಯಾನುಯಲ್ ಬ್ರೇಕ್ ಕೊಟ್ಟಿದ್ದರೆ ಅದರ ಅಳತೆಯನ್ನೇ ಹಿಡಿಯಿರಿ. ಹಳೆಯ ಸಿಲಿಂಡರಿನಲ್ಲಿ ಒಂದೇ ಕೋಣೆ ಇದ್ದರೆ, ಮುಂದಿನ ಮತ್ತು ಹಿಂದಿನ ಚಕ್ರಕ್ಕೆ ಬೇರೆಬೇರೆ ಕೋಣೆ ಇರುವುದನ್ನು ಹಾಕಲು ಇದೇ ಸಮಯ. ಒಂದು ಪೈಪ್ ಒಡೆದರೂ ಇನ್ನೊಂದು ಉಳಿಯುತ್ತದೆ.

ಬಿಚ್ಚುವುದು

ಎಂಜಿನ್ ಆಫ್ ಇರುವಾಗ ಪೆಡಲನ್ನು ಹಲವು ಸಲ ಒತ್ತಿ ಉಳಿದ ವ್ಯಾಕ್ಯೂಮ್ ಖಾಲಿ ಮಾಡಿ. ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿಯಿಂದ ಹಳೆ ಬ್ರೇಕ್ ಆಯಿಲ್ ಹೀರಿ ತೆಗೆಯಿರಿ. ಅದು ಪೇಂಟ್ ತಿನ್ನುತ್ತದೆ, ಸುತ್ತ ಬಟ್ಟೆ ಹಾಸಿ. ಪೈಪಿನ ನಟ್ಟುಗಳಿಗೆ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ, ಸಾಮಾನ್ಯ ಸ್ಪ್ಯಾನರ್ ಮೂಲೆ ಸವೆಸುತ್ತದೆ. ಒಳಗೆ ಪೆಡಲ್ ಬಳಿ ಪುಶ್ ರಾಡಿನ ಪಿನ್ ಮತ್ತು ಬ್ರೇಕ್ ಲೈಟ್ ಸ್ವಿಚ್ ಬಿಡಿಸಿ, ಬೂಸ್ಟರಿನ ನಟ್ಟು ತೆಗೆದು ಹೊರಗೆಳೆಯಿರಿ. ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ. ಮರೆತರೆ ಎಂಜಿನ್ ಐಡಲ್‌ನಲ್ಲಿ ನಡುಗುತ್ತದೆ.

ಜೋಡಿಸುವುದು

ಇಲ್ಲಿ ಒಂದು ವಿಷಯವನ್ನು ದಯವಿಟ್ಟು ಎರಡು ಸಲ ನೋಡಿ. ಪವರ್ ಬ್ರೇಕಿನ ಸಿಲಿಂಡರಿನಲ್ಲಿ ಪಿಸ್ಟನ್ ಹಿಂದಿನ ಕುಳಿ ಆಳವಿರುವುದಿಲ್ಲ. ಮ್ಯಾನುಯಲ್ ಸಿಲಿಂಡರಿನಲ್ಲಿ ಕುಳಿ ಆಳವಾಗಿದ್ದು ಪುಶ್ ರಾಡನ್ನು ಹಿಡಿದುಕೊಳ್ಳುತ್ತದೆ. ಆಳವಿಲ್ಲದ್ದನ್ನು ಹಾಕಿದರೆ ಪೆಡಲ್ ಹಿಂದೆ ಬಂದಾಗ ರಾಡ್ ಜಾರಿ ಬೀಳಬಹುದು. ಆಮೇಲೆ ಬ್ರೇಕ್ ಅನ್ನುವುದೇ ಇಲ್ಲ.

ಪೆಡಲ್ ಬಿಟ್ಟಾಗ ರಾಡ್ ತುದಿಗೂ ಪಿಸ್ಟನ್‌ಗೂ ನಡುವೆ ಸುಮಾರು 1.5 ಮಿ.ಮೀ. ಸಡಿಲ ಇರಲಿ. ಸಡಿಲವೇ ಇಲ್ಲದಿದ್ದರೆ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡು ಬ್ರೇಕ್ ಹಿಡಿದೇ ಇರುತ್ತದೆ, ಚಕ್ರ ಕಾಯುತ್ತದೆ. ರಾಡ್ ನೇರವಾಗಿ ತಳ್ಳಬೇಕು, ಓರೆಯಾದರೆ ಪಿಸ್ಟನ್ ಒಂದು ಬದಿ ಸವೆಯುತ್ತದೆ. ಯಾರಾದರೂ ಪೆಡಲನ್ನು ಜೋರಾಗಿ ಒತ್ತಲಿ, ನೀವು ಬಾನೆಟ್ ಕಡೆಯಿಂದ ನೋಡಿ. ತಗಡಿನ ಗೋಡೆ ಬಾಗುತ್ತಿದ್ದರೆ ದಪ್ಪ ಪ್ಲೇಟ್ ಕೊಟ್ಟು ಬಲಪಡಿಸಿ.

ಹೊಸ ಸಿಲಿಂಡರನ್ನು ಕಾರಿಗೆ ಕೂರಿಸುವ ಮುಂಚೆಯೇ ವೈಸ್‌ನಲ್ಲಿ ಮಟ್ಟಸವಾಗಿ ಹಿಡಿದು ಏರ್ (ಒಳಗೆ ಸಿಕ್ಕಿರುವ ಗಾಳಿ) ತೆಗೆಯಿರಿ. ಎರಡೂ ಬಾಯಿಗಳಿಂದ ಸಣ್ಣ ಪೈಪನ್ನು ಡಬ್ಬಿಯ ಆಯಿಲ್‌ನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನನ್ನು ನಿಧಾನವಾಗಿ ಒತ್ತಿ. ಈ ಹತ್ತು ನಿಮಿಷ ಉಳಿಸಲು ಹೋದವರು ಆಮೇಲೆ ಮೆತ್ತಗಿನ ಪೆಡಲ್ ಜೊತೆ ಅರ್ಧ ದಿನ ಒದ್ದಾಡುತ್ತಾರೆ.

ಆಯಿಲ್ ಎನ್ನುವುದು ಬಾಯಿಮಾತು ಅಷ್ಟೇ. ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಸ್ವಲ್ಪ ಸೇರಿದರೂ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ದರ್ಜೆಗಳಲ್ಲಿ ಡಾಟ್ 3 ಮತ್ತು ಡಾಟ್ 4 ಒಂದೇ ಬಗೆಯವು. ಡಾಟ್ 5 ಸಿಲಿಕೋನ್‌ನದು, ಅದನ್ನು ಇವುಗಳ ಜೊತೆ ಬೆರೆಸಬಾರದು.

ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದರೆ ಮೊದಲು ಶೂಗಳನ್ನು ಡ್ರಮ್‌ಗೆ ಹತ್ತಿರವಾಗುವಂತೆ ಅಡ್ಜಸ್ಟ್ ಮಾಡಿ. ಕಿರಿದಾದ ಸಿಲಿಂಡರ್ ತಳ್ಳುವ ಆಯಿಲ್ ಕಡಿಮೆ, ಶೂ ದೂರವಿದ್ದರೆ ಪೆಡಲ್ ಕೆಳಗೆ ಹೋಗುತ್ತದೆ. ಆಮೇಲೆ ಪ್ರತಿ ಚಕ್ರದ ಬ್ರೇಕಿನಿಂದ ಏರ್ ತೆಗೆಯಿರಿ. ಹೆಚ್ಚಿನ ಹಳೆ ಕಾರುಗಳಲ್ಲಿ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು. ಬ್ರೇಕ್ ಲೈಟ್ ಹತ್ತುತ್ತದೆಯೇ ನೋಡಿ.

ಎಂಜಿನ್ ಸ್ಟಾರ್ಟ್ ಮಾಡದೆ ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಇಳಿಯಬಾರದು. ಎಲ್ಲ ಜೋಡಣೆಗಳನ್ನು ಒಣ ಬಟ್ಟೆಯಿಂದ ಒರೆಸಿ ಸೋರಿಕೆ ಹುಡುಕಿ. ನಂತರ ಜನ, ವಾಹನ ಇಲ್ಲದ ಸಮತಟ್ಟು ಜಾಗದಲ್ಲಿ ನಡಿಗೆಯ ವೇಗದಿಂದ ಶುರು ಮಾಡಿ, 20 ಕಿ.ಮೀ., ಆಮೇಲೆ 40. ಕಾಲು ಮೊದಲಿಗಿಂತ ಜೋರಾಗಿ ಒತ್ತಬೇಕಾಗುತ್ತದೆ, ಅದು ಅಭ್ಯಾಸವಾಗಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಮುಂದಿನ ವಾಹನದಿಂದ ಹೆಚ್ಚು ದೂರ ಬಿಡಿ, ಬೇರೆಯವರ ಕೈಗೆ ಕಾರು ಕೊಡಬೇಡಿ. ಮೊದಲ 100 ಕಿ.ಮೀ. ಮುಗಿದ ಮೇಲೆ ಮತ್ತೆ ಬಾನೆಟ್ ಎತ್ತಿ ಆಯಿಲ್ ಮಟ್ಟ ಮತ್ತು ಸಿಲಿಂಡರಿನ ನಟ್ಟುಗಳನ್ನು ನೋಡಿ. ಆಮೇಲೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ, ಪುಶ್ ರಾಡನ್ನು ಪೆಡಲಿಗೆ ಸೇರಿಸುವ ಪಿನ್ ತನ್ನ ಜಾಗದಲ್ಲೇ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ.